ನಮ್ಮ ಬಡಾವಣೆಯಲ್ಲಿ ಒಬ್ಬ ಅನುಮಾನಾಸ್ಪದ ವ್ಯಕ್ತಿ

ಊರಾಚೆಯ ಈ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದು ಶುದ್ಧ ಗಾಳಿಗಾಗಿ. ಆ ಗಾಳಿಯನ್ನು ಹೆಂಡತಿ, ಮಗಳು, ನಾಯಿ ಮೂವರೂ ಧಾರಾಳವಾಗಿ ಸೇವಿಸುತ್ತಿದ್ದಾರೆ. ನನ್ನ ಪಾಲಿಗೆ ಬಂದಿರುವುದು ಬಸ್ಸಿನಲ್ಲಿ ಪಕ್ಕದವರ ಕಂಕುಳಿನಿಂದ ಬೀಸುವ ಗಾಳಿ. ಬೆಳಕು ಹರಿಯುವ ಮುನ್ನ ಕಚೇರಿಗೆ ಹೊರಡುತ್ತೇನೆ. ಬೀದಿದೀಪ ಹತ್ತಿ ಎಷ್ಟೋ ಹೊತ್ತಾದ ಮೇಲೆ ಮರಳುತ್ತೇನೆ. ನಿಮ್ಮ ಮನೆಯ ಹೊರಗೋಡೆಗೆ ಯಾವ ಬಣ್ಣ ಎಂದು ಯಾರಾದರೂ ಕೇಳಿದರೆ ಕಪ್ಪು ಎಂದೇ ಹೇಳಬೇಕು. ಭಾನುವಾರವಂತೂ ನಾನು ಮನುಷ್ಯನಲ್ಲ, ಹಾಸಿಗೆಯ ಒಂದು ಭಾಗ.

ಹೀಗಿರುವಾಗ ನಿವಾಸಿಗಳ ಸಂಘದ ಅಧ್ಯಕ್ಷಪದವಿ ತೆರವಾಯಿತು. ಹೆಂಡತಿ ತಾನು ನಿಲ್ಲುತ್ತೇನೆಂದಳು. ನನ್ನೊಳಗಿನ ಗಂಡಸು (ಅಪರೂಪಕ್ಕೆ ಏಳುವವನು) ಎದ್ದು ಕೂತ. ಮೇಲಧಿಕಾರಿಯ ಮುಂದೆ, ಕಂಡಕ್ಟರನ ಮುಂದೆ, ಎಲ್ಲೆಲ್ಲೂ ತಲೆ ತಗ್ಗಿಸುವವನಿಗೆ ಸ್ವಂತ ಬೀದಿಯಲ್ಲಾದರೂ ಒಂದು ಕುರ್ಚಿ ಬೇಡವೆ? ನಾನೂ ನಿಲ್ಲುತ್ತೇನೆ ಎಂದು ಘೋಷಿಸಿದೆ.

ಬೀನ್ಸ್ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ.

"ನಿಲ್ಲಿ, ಬೇಡ ಅಂದೋರ್ಯಾರು? ಆದ್ರೆ ರೀ, ಈ ಬೀದೀಲಿ ನಿಮ್ಮನ್ನ ಯಾರಾದ್ರೂ ನೋಡಿದಾರಾ?"

"ಇದು ನನ್ನ ಮನೆ ಕಣೇ."

"ಅದು ನಿಮಗೆ ಗೊತ್ತು, ನನಗೆ ಗೊತ್ತು."

ಮಾತು ಚುಚ್ಚಿತು. ಚುನಾವಣೆಯ ಸಭೆ ಮರುದಿನ ಸಂಜೆಗಿತ್ತು. ಅಂದು ಕಚೇರಿಗೆ ರಜೆ ಹಾಕಿ, ಇಸ್ತ್ರಿಯಾದ ಅಂಗಿ ತೊಟ್ಟು ಜನಸಂಪರ್ಕ ಯಾತ್ರೆಗೆ ಹೊರಟೆ. ಮತದಾರರನ್ನು ಹೆಸರು ಹಿಡಿದು ಮಾತಾಡಿಸಬೇಕಲ್ಲ? ಅದಕ್ಕೆ ಒಂದೊಂದು ಗೇಟಿನ ಮುಂದೂ ನಿಂತು, ಬಗ್ಗಿ, ಕನ್ನಡಕ ಸರಿಪಡಿಸಿಕೊಂಡು ನೇಮ್‌ಬೋರ್ಡು ಓದಿದೆ. ಕಿಟಕಿಯಲ್ಲಿ ಕಂಡ ಮುಖಗಳಿಗೆಲ್ಲ ನಾಯಕನಂತೆ ನಕ್ಕೆ. ನಕ್ಕಲ್ಲೆಲ್ಲ ಕಿಟಕಿಗಳು ಮುಚ್ಚಿಕೊಂಡವು. ಬಿಸಿಲಿಗೆ ಇರಬೇಕು ಅಂದುಕೊಂಡೆ.

ಬೀದಿಯ ತುದಿ ಮುಟ್ಟುವಷ್ಟರಲ್ಲಿ ಸುತ್ತಲೂ ಜನ. ಮುಂದೆ ವಾಚ್‌ಮನ್, ಅವನ ಹಿಂದೆ ಊರುಗೋಲನ್ನು ಬಡಿಗೆಯಂತೆ ಹಿಡಿದಿದ್ದ ನಿವೃತ್ತ ಹೆಡ್‌ಮಾಸ್ತರು. ಯಾರ ಮನೆ ಹುಡುಕುತ್ತಿದ್ದೀಯೆಂದು ಏಕವಚನದಲ್ಲೇ ವಿಚಾರಣೆ ಶುರುವಾಯಿತು. ನಾನು ಗಂಭೀರವಾಗಿ ನನ್ನ ಮನೆಯತ್ತ ಬೆರಳು ತೋರಿಸಿದೆ.

ಮಾಸ್ತರು ಹಲ್ಲು ಕಡಿದರು. "ಆ ಮನೆ ಅಮ್ಮನೇ ಕಣಯ್ಯ ನಿನ್ನನ್ನ ಹಿಡೀರಿ ಅಂದಿರೋದು."

ಮೊಬೈಲೊಂದು ನನ್ನ ಮೂಗಿನ ಮುಂದೆ ಬಂತು. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಎದುರುಮನೆಯಾಕೆ ನನ್ನ ಹಿಂಬದಿಯ ಫೋಟೋ ಹಾಕಿ, ಬೆಳಿಗ್ಗೆಯಿಂದ ಒಬ್ಬ ಗೇಟು ಗೇಟು ಇಣುಕುತ್ತಿದ್ದಾನೆ ಎಂದು ಬರೆದಿದ್ದರು. ಕೆಳಗೆ ನನ್ನ ಧರ್ಮಪತ್ನಿಯ ಉತ್ತರ: "ನೋಡಿದ್ರೇನೇ ಗೊತ್ತಾಗುತ್ತೆ, ಒಳ್ಳೆಯವನಲ್ಲ. ಬಿಡಬೇಡಿ."

ಕರೆಸಿದರು. ಬಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಕಳೆದುಹೋದ ಕೊಡೆಯನ್ನು ಗುರುತಿಸುವವಳಂತೆ, ಹೌದು, ನಮ್ಮದೇ ಎಂದಳು.

ಮನೆಗೆ ಬಂದು ರೇಗಿದೆ. ಬೆನ್ನು ನೋಡಿ ಹೇಗೆ ಗೊತ್ತಾಗಬೇಕಿತ್ತು ಎಂದು ಅವಳೇ ತಿರುಗಿ ಕೇಳಿದಳು. ಇಷ್ಟು ವರ್ಷ ದಿನಾ ಬೆಳಿಗ್ಗೆ ನಿನಗೆ ತೋರಿಸಿ ಹೋಗುವುದು ಬೆನ್ನನ್ನೇ ಅಲ್ಲವೆ ಎನ್ನಲು ಬಾಯಿ ತೆರೆದೆ. ನಾನು ಹೊರಡುವಾಗ ಅವಳು ನಿದ್ದೆಯಲ್ಲಿರುತ್ತಾಳೆಂಬುದು ನೆನಪಾಗಿ ಮುಚ್ಚಿದೆ.

ಸಂಜೆಯ ಸಭೆಯಲ್ಲಿ ಮಾಸ್ತರು ಅವಳ ಕಟ್ಟೆಚ್ಚರವನ್ನು ಕೊಂಡಾಡಿದರು. ಸ್ವಂತ ಗಂಡನೆಂಬ ಮುಲಾಜೂ ಇಲ್ಲದೆ ಬಡಾವಣೆಯ ಸುರಕ್ಷತೆ ಕಾಪಾಡಿದ ಮಹಿಳೆ ಎಂದರು. ಅವಳ ಪರ ಕೈ ಎತ್ತಿ ಎಂದಾಗ ನನ್ನ ಎದುರಿಗಿದ್ದ ಗೋಡೆ ಕಾಣದಷ್ಟು ಕೈಗಳು. ನನ್ನ ಪರ ಎಂದಾಗ ಎದ್ದದ್ದು ಒಂದೇ ಕೈ, ಅದೂ ನನ್ನದೇ.

ಮಾಸ್ತರು ಅದನ್ನೂ ಬಿಡಲಿಲ್ಲ. "ಇಲ್ಲಿ ವಾಸ ಇರೋರಿಗೆ ಮಾತ್ರ ಓಟು ಸ್ವಾಮಿ. ಸುಮ್ನೆ ಬಂದು ಹೋಗೋರಿಗಲ್ಲ."

ನಾನು ಹೆಂಡತಿಯ ಮುಖ ನೋಡಿದೆ. ಸಭೆಯೂ ನೋಡಿತು. ಅವಳು ಒಂದು ಕ್ಷಣ ಯೋಚಿಸಿದಳು. ಆ ಕ್ಷಣದಲ್ಲಿ ನನಗೆ ಸ್ವಲ್ಪ ಆಸೆಯೂ ಹುಟ್ಟಿತು.

"ಅವರು ಹೇಳೋದೂ ಸರೀನೇ ರೀ," ಎಂದಳು ಮೆಲ್ಲಗೆ. "ಕೈ ಇಳಿಸಿ."

ಇಳಿಸಿದೆ. ಹೇಗೂ ಚಪ್ಪಾಳೆ ತಟ್ಟಲು ಎರಡೂ ಕೈ ಬೇಕಾಗಿತ್ತು.