ಕನ್ನಡಕ ಹಾಕಿದವರೆಲ್ಲ ಅಪ್ಪ

ಸಂಶೋಧನೆ ಮಾಡುವ ಗಂಡ, ಒಂದೂವರೆ ವರ್ಷದ ಮಗಳು, ಹತ್ತನೇ ತರಗತಿಗೆ ಓದು ಮುಗಿಸಿದ ನಾನು. ನವರಂಗಪುರದ ಎರಡು ಕೋಣೆಯಲ್ಲಿ ಇಂಥ ಮೂವರಿದ್ದರೆ ನಗುವುದಕ್ಕೆ ಬರ ಬರುವುದಿಲ್ಲ.

ಕಾಲುವೆ

ಮದುವೆಯಾದ ಹೊಸದರಲ್ಲಿ, "ಲ್ಯಾಬಿನಲ್ಲಿ ಏನು ಮಾಡುತ್ತೀರಿ?" ಎಂದು ಕೇಳಿದೆ. ನಮ್ಮವರು ಅಂಚೆಚೀಟಿಯಷ್ಟು ಅಗಲದ ರಬ್ಬರಿನ ತುಂಡೊಂದನ್ನು ನನ್ನ ಅಂಗೈ ಮೇಲಿಟ್ಟರು. "ಇದರೊಳಗೆ ಕೂದಲಿಗಿಂತ ಸಣ್ಣ ಕಾಲುವೆ ಇದೆ. ಒಂದು ಹನಿ ರಕ್ತ ಬಿಟ್ಟರೆ ಕಣಗಳು ಸಾಲಾಗಿ ಹೋಗುತ್ತವೆ. ಎಲ್ಲೂ ಕಟ್ಟಿಕೊಳ್ಳುವುದಿಲ್ಲ."

"ಹಾಗಾದರೆ ಬಚ್ಚಲ ಕೊಳವೆಯೂ ನಿಮ್ಮ ಪಾಲಿನದೇ. ಹದಿನೈದು ದಿನದಿಂದ ಕಟ್ಟಿದೆ," ಎಂದೆ.

ಕಡ್ಡಿ ಹಿಡಿದು ಹೋದವರು ಅರ್ಧ ಗಂಟೆಯ ನಂತರ ಬಂದರು. "ಅದು ತುಂಬಾ ಅಗಲ. ನನಗೆ ಅಭ್ಯಾಸವಿಲ್ಲ."

ಗುಳ್ಳೆ

ಆ ಕಾಲುವೆಗೆ ಗಾಳಿಯ ಗುಳ್ಳೆ ಹೊಕ್ಕರೆ ದಿನದ ಕೆಲಸ ಹಾಳು. ಮಗಳು ಆಗಿನ್ನೂ ಎಳೆಗೂಸು. ತೇಗು ಬರುವವರೆಗೆ ಬೆನ್ನು ತಟ್ಟುವುದನ್ನು ಇವರಿಗೂ ಕಲಿಸಿದ್ದೆ. ಒಮ್ಮೆ ಊಟದ ಡಬ್ಬಿ ಕೊಡಲು ಲ್ಯಾಬಿಗೆ ಹೋದರೆ, ಇವರು ರಬ್ಬರಿನ ತುಂಡನ್ನು ಎರಡೇ ಬೆರಳಲ್ಲಿ ತಟ್ಟುತ್ತಾ, "ಬಾ ಚಿನ್ನಿ, ಬಾ," ಎನ್ನುತ್ತಿದ್ದಾರೆ. ಗುಳ್ಳೆ ಹೊರಬಿತ್ತು. "ಜಾಣೆ," ಎಂದರು.

ಇಷ್ಟು ಮುದ್ದು ನನಗೆ ಮದುವೆಯ ವಾರದಲ್ಲೂ ಸಿಕ್ಕಿರಲಿಲ್ಲ.

ಕನ್ನಡಕ

ಕಣಗಳ ಫೋಟೊ ನೋಡಿ ಕಾಯಿಲೆಯ ರಕ್ತ ಯಾವುದೆಂದು ಹೇಳಲು ಕಂಪ್ಯೂಟರಿಗೆ ಕಲಿಸುತ್ತಿದ್ದರು. ಸೋಮವಾರ ಲ್ಯಾಬಿನ ದೊಡ್ಡವರ ಮುಂದೆ ತೋರಿಸಬೇಕು, ಇಲ್ಲದಿದ್ದರೆ ತಿಂಗಳು ತಿಂಗಳು ಬರುವ ಫೆಲೋಶಿಪ್ ಹಣ ನಿಲ್ಲುತ್ತದೆ. ಶುಕ್ರವಾರ ಹಿಗ್ಗಿಕೊಂಡು ಬಂದರು. "ಒಂದೂ ತಪ್ಪಿಲ್ಲ ಕಣೇ."

ಫೋಟೊ ನೋಡಿದೆ. ಒಳ್ಳೆಯವೆಲ್ಲ ಬೆಳ್ಳಗೆ, ಕಾಯಿಲೆಯವೆಲ್ಲ ಹಳದಿ. ಒಳ್ಳೆಯ ರಕ್ತ ಲ್ಯಾಬಿಗೆ ಬರುವುದು ಬೆಳಿಗ್ಗೆ ಅಂತೆ. ಕಾಯಿಲೆಯದು ಸಂಜೆ, ದೀಪ ಹಾಕಿದ ಮೇಲೆ.

"ಅದು ರಕ್ತ ನೋಡಿಲ್ಲ ರೀ, ದೀಪ ನೋಡಿದೆ. ನಿಮ್ಮ ಮಗಳೂ ಹಾಗೇ. ಕನ್ನಡಕ ಹಾಕಿದ ಗ್ಯಾಸಿನವನನ್ನು ಪಪ್ಪಾ ಅಂತಾಳೆ, ನೀವು ಕನ್ನಡಕ ತೆಗೆದರೆ ಅಳುತ್ತಾಳೆ. ಮನೆಯಲ್ಲಿದ್ದರೆ ತಾನೆ ಮುಖ ಗೊತ್ತಾಗುವುದು?"

ಫೋಟೊಗಳನ್ನು ಎತ್ತಿಕೊಂಡು ಎದ್ದು ಹೋದರು. ಮರುದಿನ ಸಂಜೆ, ರಕ್ತವೇ ಇಲ್ಲದ ಖಾಲಿ ಕಾಲುವೆಯ ಫೋಟೊ ತೆಗೆದು ತೋರಿಸಿದರಂತೆ. ಕಂಪ್ಯೂಟರ್ "ಕಾಯಿಲೆ" ಎಂದಿತು.

ಸೋಮವಾರ ತಾವೇ ತಪ್ಪು ಒಪ್ಪಿಕೊಂಡರು. ದೊಡ್ಡವರು ಒಂದು ತಿಂಗಳು ಕೊಟ್ಟರು. ಎರಡೂ ರಕ್ತವನ್ನು ಎರಡೂ ಬೆಳಕಿನಲ್ಲಿ ತೋರಿಸಿ ಮತ್ತೆ ಕಲಿಸಿದರು. ಫೆಲೋಶಿಪ್ ಉಳಿಯಿತು. ಮನೆಯಲ್ಲೂ ಪಾಠ ನಡೆಯಿತು: ದಿನಾ ಬೆಳಿಗ್ಗೆ ಒಂದು ಗಂಟೆ, ಕನ್ನಡಕ ತೆಗೆದಿಟ್ಟು, ಮಗಳ ಜೊತೆ.

ಒಂದು ಭಾನುವಾರ ಮಗಳಿಗೆ ಪರೀಕ್ಷೆ. ಇವರು ಬರಿಗಣ್ಣಲ್ಲಿ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ತೋಳು ಚಾಚಿದರು. ಮಗಳು ಒಂದು ಗಳಿಗೆ ನೋಡಿ, "ಪಪ್ಪಾ" ಎಂದು ಓಡಿದಳು. ಆಡುತ್ತಿದ್ದ ಮಕ್ಕಳೆಲ್ಲ ಅವಳ ಹಿಂದೆ ಓಡಿದವು. ಇವರ ಕಣ್ಣು ತುಂಬಿ ಬಂತು. "ಗುರುತು ಹಿಡಿದಳು ಕಣೇ," ಎನ್ನುತ್ತಾ ಬಾಚಿ ಎತ್ತಿಕೊಂಡು, ಎರಡು ಕೆನ್ನೆಗೂ ಮುತ್ತಿಟ್ಟರು, ಪಕ್ಕದ ಮನೆಯವರ ಮಗನಿಗೆ.