ಜ್ವಾಲಾಮುಖಿಗೆ ಹೊರಟ ಮೊಣಕಾಲುಗಳು

ಪ್ರಪಂಚದಲ್ಲಿ ಸಮುದ್ರ ಯಾಕಿದೆ ಗೊತ್ತೇ? ಹಳಿ ಹಾಸಲು ಇಂಜಿನಿಯರುಗಳಿಗೆ ಪುರುಸೊತ್ತಾಗದ ಕಡೆಯೆಲ್ಲ ನೀರು ಬಂದು ನಿಂತಿದೆ, ಅಷ್ಟೆ! ಇದು ನಮ್ಮ ಭಾವ ಕಂಡುಹಿಡಿದ ಭೂಗೋಳ. ನೀವು ನಕ್ಕರೆ ಅವರಿಗೇನೂ ಬೇಸರವಿರಲಿಲ್ಲ. ತಾವು ಸೀಟು ಹಿಡಿದು ಕೂತಾಗಿದೆ, ನೀವಿನ್ನೂ ಪ್ಲಾಟ್‌ಫಾರ್ಮಿನಲ್ಲೇ ಇದ್ದೀರಿ ಎಂಬಂತೆ ಕನಿಕರದಿಂದ ನೋಡುತ್ತಿದ್ದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಹುಬ್ಬಳ್ಳಿಯಿಂದ ವರ್ಗವಾಗಿ ಬಡೋದೆಯ ರೈಲ್ವೆ ಆಫೀಸಿಗೆ ಬಂದವರು. ಯಾವ ಗಾಡಿ ಯಾವ ಸ್ಟೇಷನ್ನಿನಲ್ಲಿ ನಿಂತು ಯಾವುದಕ್ಕೆ ದಾರಿ ಬಿಡಬೇಕು ಎಂದು ವೇಳೆ ಹೊಂದಿಸಿ ಕೊಡುವುದು ಅವರ ಕೆಲಸ. ಇಪ್ಪತ್ತು ವರ್ಷ ಅದನ್ನೇ ಮಾಡಿದವರಿಗೆ ಈ ಜಗತ್ತಿನಲ್ಲಿ ಹೊಂದಿಸಲಾಗದ್ದು ಏನಾದರೂ ಇದೆ ಎಂದು ಹೇಳಿದರೆ ನಂಬುತ್ತಾರೆಯೆ? ಅರವತ್ತರ ದಶಕದ ಮಾತು. ನಾನಾಗ ಅಹಮದಾಬಾದಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ, ಮದುವೆಯಿಲ್ಲ, ಮಣಿನಗರದಲ್ಲಿ ಒಂದು ಬಾಡಿಗೆ ಕೋಣೆ. ವಾರವಿಡೀ ಬೆಲ್ಲ ಹಾಕಿದ ದಾಲ್ ಉಂಡು ನಾಲಿಗೆ ಜಡ್ಡುಗಟ್ಟಿ, ಭಾನುವಾರ ಬಂತೆಂದರೆ ಅಕ್ಕನ ಜೋಳದ ರೊಟ್ಟಿಗಾಗಿ ಬಡೋದೆಯ ಗಾಡಿ ಹತ್ತಿಬಿಡುತ್ತಿದ್ದೆ. ಹಾಗಾಗಿ ನಾನು ಹೇಳುವುದೆಲ್ಲ ತುತ್ತಿನ ನಡುವೆ ಕಣ್ಣಾರೆ ಕಂಡದ್ದು.

ಅಕ್ಕನಿಗೆ ನಲವತ್ತು ತುಂಬುವ ಹೊತ್ತಿಗೆ ಎರಡೂ ಮೊಣಕಾಲುಗಳು ಮಡಚಲು ಒಪ್ಪದಾದವು. ನೆಲದ ಮೇಲೆ ಕೂತರೆ ಏಳಲಾಗುತ್ತಿರಲಿಲ್ಲ. ಆಗಿನ ಸಂಸಾರವೆಲ್ಲ ನೆಲದ ಮೇಲೆಯೇ ತಾನೇ? ರಂಗೋಲಿ ನೆಲದ ಮೇಲೆ, ಒರಳು ನೆಲದ ಮೇಲೆ, ಊಟದ ಮಣೆ, ಪೂಜೆಯ ಮಣೆ, ಅರಿಶಿನ ಕುಂಕುಮಕ್ಕೆ ಕರೆದವರ ಮನೆಯ ಜಮಖಾನೆ ಎಲ್ಲವೂ ನೆಲದ ಮೇಲೆ. ಅಕ್ಕ ಒಂದೊಂದನ್ನೇ ಬಿಟ್ಟಳು. ಬಡೋದೆಯಲ್ಲಿದ್ದ ನಾಲ್ಕಾರು ಕನ್ನಡದ ಮನೆಗಳಿಗೆ ಹೋಗುವುದನ್ನೂ ಬಿಟ್ಟಳು. ಎಲ್ಲರೂ ಕೆಳಗೆ ಕೂತಿರುವಾಗ ತಾನೊಬ್ಬಳೇ ಕುರ್ಚಿಯ ಮೇಲೆ ಕೂಡಲು ಅವಳಿಗೆ ನಾಚಿಕೆ. ನಮಗೆ ಬಡಿಸಿ ತಾನು ಅಡಿಗೆ ಕಟ್ಟೆಗೆ ಒರಗಿ ನಿಂತೇ ಊಟ ಮಾಡುತ್ತಿದ್ದಳು. "ಕಾಲು ಹ್ಯಾಂಗದ ಅಕ್ಕಾ?" ಎಂದು ನಾನು ಕೇಳಿದರೆ "ಏನಿಲ್ಲ ಬಿಡೋ, ಇನ್ನೊಂದು ರೊಟ್ಟಿ ಹಾಕ್ಲೇನ?" ಎನ್ನುವಳು. ರೊಟ್ಟಿ ಬಂತೆಂದರೆ ನಾನೂ ಮುಂದೆ ಕೇಳುತ್ತಿರಲಿಲ್ಲ. ಭಾವನಂತೂ ಕೇಳುವ ಜಾತಿಯವರೇ ಅಲ್ಲ, ವ್ಯವಸ್ಥೆ ಮಾಡುವ ಜಾತಿ.

ಒಂದು ದಿನ ಅಕ್ಕನನ್ನು ಡಾಕ್ಟರಿಗೆ ತೋರಿಸಿಕೊಂಡು ಬಂದರು. ಅಲ್ಲಿ ಕಾಯುತ್ತ ಕೂತಾಗ ಒಂದು ಹಳೆಯ ಇಂಗ್ಲಿಷ್ ಪತ್ರಿಕೆ ಕೈಗೆ ಸಿಕ್ಕಿತಂತೆ. ಜಪಾನಿನ ಕಡೆ ಒಂದು ದ್ವೀಪ. ನಡುವೆ ಹೊಗೆಯಾಡುವ ಜ್ವಾಲಾಮುಖಿ, ಸುತ್ತ ಕರಿ ಮರಳಿನ ತೀರ, ಮರಳಿನಡಿಯಲ್ಲಿ ಬಿಸಿನೀರಿನ ಬುಗ್ಗೆ. ಜನ ಕತ್ತಿನ ತನಕ ಆ ಬಿಸಿ ಮರಳನ್ನು ಮೈಮೇಲೆ ಎಳೆಸಿಕೊಂಡು, ಹಬ್ಬದೂಟ ಮಾಡಿದವರ ಮುಖ ಹೊತ್ತು ಮಲಗಿದ್ದಾರೆ! ಕೀಲು ಹಿಡಿದವರೆಲ್ಲ ಎದ್ದು ಓಡಾಡುತ್ತಾರೆಂದು ಕೆಳಗೆ ಬರೆದಿತ್ತು. ಡಾಕ್ಟರು ಒಳಗೆ ಕರೆದು "ಇದಕ್ಕೆ ಔಷಧಿಯಿಲ್ಲ, ಮನೆಗೆ ಒಳ್ಳೆಯ ಕುರ್ಚಿ ತನ್ನಿ" ಎಂದು ಹೇಳಿದ್ದು ಭಾವನ ಕಿವಿಗೆ ಬಿದ್ದಿತೋ ಇಲ್ಲವೋ! ಮನೆಗೆ ಬಂದವರೇ ಸಾರಿದರು:

"ಔಷಧ ಜಪಾನಿನ್ಯಾಗ ಅದ. ದೀಪಾವಳಿ ಮುಗಿಸ್ಕೊಂಡ ಹೊರಡೂದು."

"ಅಯ್ಯ, ನಿಮಗೇನರ ಹುಚ್ಚ ಹಿಡದದೇನ್ರೀ? ಸಮುದ್ರಾ ದಾಟಿ ಹೋಗೂದು ಅಂದ್ರ ಹುಡುಗಾಟಿಕಿ ಏನು?"

"ಕಲಕತ್ತಾ ತನಕಾ ನಮ್ಮ ಗಾಡಿ ಅದ. ಆಮ್ಯಾಲೆ ಉಳದದ್ದು ಸ್ವಲ್ಪ ನೀರು."

ಆ ಸ್ವಲ್ಪ ನೀರಿಗಾಗಿ ಅಡಿಗೆಮನೆಯ ಗೋಡೆಯ ಮೇಲೆ ಒಂದು ದೊಡ್ಡ ನಕಾಶೆ ಬಂತು. ಬಡೋದೆಯಿಂದ ಕಲಕತ್ತೆಗೆ ನೀಲಿ ಪೆನ್ಸಿಲ್ಲು, ಅಲ್ಲಿಂದ ಮುಂದೆ ಕೆಂಪು ಪೆನ್ಸಿಲ್ಲು. ಹಡಗುಗಳ ವ್ಯವಸ್ಥೆಯ ಬಗ್ಗೆ ಭಾವನಿಗೆ ಪರಮ ತಿರಸ್ಕಾರ. "ಹೊರಡೂ ದಿವಸ ಹೇಳ್ತಾರ, ಮುಟ್ಟೂ ಮಿನಿಟು ಹೇಳಂಗಿಲ್ಲ! ಇದೂ ಒಂದು ಆಡಳಿತ ಏನೋ?" ಎಂದು ನನ್ನನ್ನೇ ಗದರಿಸಿದರು, ಹಡಗನ್ನು ನಾನೇ ತಡಮಾಡಿಸಿದವನಂತೆ. ಊಟದ ಚಿಂತೆ ನನಗೆ ಬಿಟ್ಟರೆ ಯಾರಿಗೂ ಇರಲಿಲ್ಲ. "ಅವರೂ ಅನ್ನಾ ಉಣ್ಣಾವ್ರು. ಅನ್ನ ಇದ್ದಲ್ಲೆ ಸಾರು ಮಾಡ್ಕೊಳ್ಳಿಕ್ಕೆ ಏನು ಧಾಡಿ?" ಎಂದರು.

ಅಕ್ಕನ ಆಕ್ಷೇಪ ಬೇರೆ. ಭಾವ ಪತ್ರಿಕೆಯಿಂದ ಹರಿದು ತಂದಿದ್ದ ಚಿತ್ರವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿ, "ಇವರನ್ನ ಜೀವಂತ ಹೂಳ್ಯಾರಲ್ರೀ!" ಎಂದಳು.

"ಹೂಳೂದಲ್ಲ, ಬಿಡ್ತು ಅನ್ನು. ಅದು ಉಸುಕಿನ ಸ್ನಾನ."

"ಸ್ನಾನಾ ಆದ್ರ ಸೀರಿ ಉಟ್ಕೊಂಡೇ ಮಾಡಾಕಿ ನಾನು. ಒಂಬತ್ತು ಗಜದ್ದು. ಮೊದಲ ಹೇಳೇನಿ ನೋಡ್ರಿ!"

ನೋಡಿದಿರಾ? ಹೋಗುವುದೋ ಬೇಡವೋ ಎಂಬ ಮಾತು ಮುಗಿದು, ಯಾವ ಸೀರೆ ಎಂಬ ಮಾತು ಶುರುವಾಗಿತ್ತು. ಭಾವನ ಶಕ್ತಿಯೇ ಅದು. ಅವರ ಜೊತೆ ಜಗಳಕ್ಕೆ ನಿಂತವರು ತಮಗೇ ತಿಳಿಯದೆ ಹೋಲ್ಡಾಲು ಕಟ್ಟತೊಡಗುತ್ತಿದ್ದರು.

ಇನ್ನು ಪಕ್ಕದ ಮನೆಯ ಬೆನ್. ಗುಜರಾತಿಯಲ್ಲಿ ಬೆನ್ ಎಂದರೆ ಸೋದರಿ. ಅಕ್ಕನ ಮೇಲೆ ಪ್ರಾಣ ಇಟ್ಟುಕೊಂಡಿದ್ದ ಗುಜರಾತಿ ಹೆಂಗಸು. ಪ್ರಯಾಣದ ಸುದ್ದಿ ಗೊತ್ತಾದದ್ದೇ ತಡ, ಡಬ್ಬಿ ತುಂಬ ಥೇಪ್ಲಾ ಎಂಬ ಮೆಂತ್ಯದ ರೊಟ್ಟಿ, ಜೊತೆಗೆ ಛುಂದೊ ಎಂಬ ಮಾವಿನಕಾಯಿಯ ಸಿಹಿ ಉಪ್ಪಿನಕಾಯಿ ತಂದುಕೊಟ್ಟಳು. ಥೇಪ್ಲಾ ಇಲ್ಲದೆ ಗುಜರಾತಿನವರು ಪಕ್ಕದ ಊರಿಗೂ ಹೊರಡುವುದಿಲ್ಲ, ಜ್ವಾಲಾಮುಖಿಗೆ ಬರಿಗೈಯಲ್ಲಿ ಕಳಿಸುತ್ತಾರೆಯೆ? ದೀಪಾವಳಿಯ ತಾರೀಖು ಮುಂದೆ ಹೋಯಿತು. ಸರ್ಕಾರದ ಅಪ್ಪಣೆ ಬಂದಿರಲಿಲ್ಲ. ಥೇಪ್ಲಾ ನಾನು ತಿಂದೆ. ಸಂಕ್ರಾಂತಿಗೆ ಇನ್ನೊಂದು ತಾರೀಖು ಬಿತ್ತು, ಇನ್ನೊಂದು ಡಬ್ಬಿ ಬಂತು. ಆಗ ರಜೆ ಸಿಗಲಿಲ್ಲ. ಅದನ್ನೂ ನಾನೇ ತಿಂದೆ. ಆಮೇಲಾಮೇಲೆ ಭಾವ ತಾರೀಖು ಹಾಕಿದರೆಂದು ಕೇಳಿದೊಡನೆ ನಾನು ಅಹಮದಾಬಾದಿನಲ್ಲಿ ಬೆಳಗಿನ ತಿಂಡಿ ಬಿಟ್ಟು ಹೊರಡುತ್ತಿದ್ದೆ. ಬೀಳ್ಕೊಡಲು ಬಂದಿದ್ದೇನೆಂದು ಎಲ್ಲರೂ ಮೆಚ್ಚಿಕೊಳ್ಳುತ್ತಿದ್ದರು! ಬೆನ್ ಮಾತ್ರ ಪ್ರತಿ ಸಲವೂ ಅಷ್ಟೇ ಶ್ರದ್ಧೆಯಿಂದ "ಭಾಭೀ, ಆ ವಖತೆ ತೋ ಪಾಕ್ಕು ನೆ?" ಎಂದು, ಎಂದರೆ ಈ ಸಲವಾದರೂ ಪಕ್ಕಾ ತಾನೇ ಎಂದು ಕೇಳುವಳು. "ಪಾಕ್ಕು!" ಎನ್ನುವರು ಭಾವ. ಅವರ ಪಾಲಿಗೆ ಎಲ್ಲ ತಾರೀಖೂ ಪಕ್ಕಾ ತಾರೀಖೇ.

ರೈಲ್ವೆಯಲ್ಲಿ ಒಂದು ಪದ್ಧತಿಯಿದೆ. ಹೊಸ ಗಾಡಿ ಬಿಡುವ ಮುಂಚೆ ಖಾಲಿ ಡಬ್ಬಿ ಜೋಡಿಸಿಕೊಂಡು ಒಮ್ಮೆ ಓಡಿಸಿ ನೋಡುತ್ತಾರೆ. ಟ್ರಯಲ್ ಆಗದೆ ಜನರನ್ನು ಹತ್ತಿಸುವಂತಿಲ್ಲ. ಇಷ್ಟು ದೊಡ್ಡ ಪ್ರವಾಸಕ್ಕೆ ಟ್ರಯಲ್ ಬೇಡವೆ? ಬೇಕು. ಖಾಲಿ ಡಬ್ಬಿ ಯಾರು? ನಾನು!

"ನನ್ನ ಮೊಣಕಾಲಿಗೆ ಏನೂ ಆಗಿಲ್ಲಲ್ಲ ಭಾವಾ."

"ಅದಕ್ಕ ನಿನ್ನ ಆರಿಸೇನಿ. ತುಂಬಿದ ಡಬ್ಬಿ ಟ್ರಯಲ್‌ಗೆ ನಡೆಯಂಗಿಲ್ಲ."

ಬಿಸಿ ಮರಳು ಎಲ್ಲಿಂದ ತರಬೇಕು? ಬೀದಿಯ ಮೂಲೆಯಲ್ಲಿ ಕಡಾಯಿಯ ಮರಳಿನಲ್ಲಿ ಶೇಂಗಾ ಹುರಿಯುವವನೊಬ್ಬನಿದ್ದ. ಅವನ ಹಳೆಯ ಮರಳನ್ನು ಚೀಲಗಟ್ಟಲೆ ಹೊರಿಸಿ ತಂದರು. ಹಿತ್ತಿಲಲ್ಲಿ ಅದನ್ನು ಮತ್ತೆ ಕಾಯಿಸಿ, ನನ್ನನ್ನು ಚಾಪೆಯ ಮೇಲೆ ಮಲಗಿಸಿ, ಸೊಂಟದ ತನಕ ಸುರಿದರು. ನಾನು ಕೂಗಿದ್ದು ಕೇಳಿ ಬೆನ್ ಗೋಡೆಯಾಚೆಯಿಂದ ಇಣುಕಿ ರಾಮನಾಮ ಹೇಳಿದಳು. ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತು ನಕ್ಕೇ ನಕ್ಕಳು. "ರೀ, ನಾ ಏನು ಶೇಂಗಾನ ಏನ್ರೀ ಹಿಂಗ ಹುರೀಲಿಕ್ಕೆ? ಅವನಷ್ಟ ಸಾಕು, ಅವ ಮೊದಲ ಜೊಳ್ಳ ಶೇಂಗಾ!" ಅವಳು ಹಾಗೆ ನಕ್ಕದ್ದನ್ನು ನೋಡಿ ಬಹಳ ದಿನಗಳಾಗಿತ್ತು. ಮರುದಿನ ಆಫೀಸಿನಲ್ಲಿ ಪಕ್ಕದ ಮೇಜಿನವರು ಮೂಗರಳಿಸಿ, ಶೇಂಗಾ ಎಲ್ಲಿಟ್ಟಿದ್ದೀರಿ, ಒಬ್ಬರೇ ತಿನ್ನುತ್ತೀರಾ ಎಂದು ನನ್ನ ಡ್ರಾಯರ್ ತೆಗೆದು ನೋಡಿದರು.

ಖಾಲಿ ಡಬ್ಬಿಯ ಟ್ರಯಲ್ ಯಶಸ್ವಿ ಎಂದು ಭಾವ ತೀರ್ಮಾನಿಸಿದರು. ಮುಂದಿನದು ಅಕ್ಕನನ್ನೇ ಕರೆದುಕೊಂಡು ನಿಜವಾದ ಸಮುದ್ರ ತೀರದಲ್ಲಿ. ಸೂರತ್ತಿನ ಹತ್ತಿರ ಡುಮಸ್ ಎಂಬ ತೀರವಿದೆ. ಅಲ್ಲಿನ ಮರಳು ಕಪ್ಪು. "ಜಪಾನಿನ ಉಸುಕೂ ಕರೇದು, ಇದೂ ಕರೇದು. ಕಡಿಮಿ ಇರೂದು ಜ್ವಾಲಾಮುಖಿ ಒಂದಽ" ಎಂದರು. ಆ ಕೊರತೆಯನ್ನು ತುಂಬಲು ಮನೆಯ ತಾಮ್ರದ ಹಂಡೆ, ಇದ್ದಿಲ ಮೂಟೆ ಮತ್ತು ಸಲಿಕೆ ನಮ್ಮ ಜೊತೆ ಸೂರತ್ತಿನ ಗಾಡಿ ಹತ್ತಿದವು. ಅಕ್ಕನಿಗೆ ಒಂದು ಮಡಚುವ ಕುರ್ಚಿ. ಬೆನ್ ಕೊಟ್ಟ ಥೇಪ್ಲಾ ಡಬ್ಬಿ ನನ್ನ ತೊಡೆಯ ಮೇಲೆ. ಹಂಡೆ ನೋಡಿ ಪ್ರಯಾಣಿಕರೊಬ್ಬರು ಯಾರ ಮದುವೆ ಎಂದು ಕೇಳಿದರು. ಭಾವ ಗಂಭೀರವಾಗಿ "ಜಪಾನ್ ಜಾ ರಹೇ ಹೈಂ" ಎಂದರು. ಕೇಳಿದವರು ಮೆಲ್ಲಗೆ ಪಕ್ಕದ ಬೆಂಚಿಗೆ ಹೋಗಿ ಕೂತರು.

ಸೂರತ್ತಿನಿಂದ ಬಸ್ಸು. ಡುಮಸ್ ಮುಟ್ಟಿದಾಗ ಸಮುದ್ರವೇ ಇಲ್ಲ! ಕಣ್ಣು ಹಾಯುವಷ್ಟು ದೂರ ಒದ್ದೆ ಕಪ್ಪು ಮರಳು, ಆಚೆ ಎಲ್ಲೋ ಒಂದು ಬೆಳ್ಳಿ ಗೆರೆ. "ಬಂತಲ್ಲ ಜಾಗಾ!" ಎಂದು ಭಾವ ಕುಣಿದಾಡಿದರು. ಜನರೆದುರು ಅಕ್ಕನಿಗೆ ಸಂಕೋಚವಾಗಬಾರದೆಂದು ನಮ್ಮನ್ನು ಬಹಳ ಒಳಗೆ ನಡೆಸಿಕೊಂಡು ಹೋದರು. ಅಕ್ಕ ನನ್ನ ತೋಳು ಹಿಡಿದು, ತುಟಿ ಕಚ್ಚಿಕೊಂಡು, ಒಂದೊಂದೇ ಹೆಜ್ಜೆ ಇಟ್ಟಳು. ಕುರ್ಚಿ ಹಾಕಿ, ಮುಂದೆ ಗುಂಡಿ ತೋಡಿ, ಅಕ್ಕನ ಕಾಲು ಇಳಿಸಿ, ಇದ್ದಿಲ ಮೇಲೆ ಕಾಯಿಸಿದ ಹಂಡೆಯ ನೀರು ಕಲಸಿದ ಮರಳನ್ನು ಮೊಣಕಾಲು ಮುಚ್ಚುವ ಹಾಗೆ ತುಂಬಿದರು. ಒಂಬತ್ತು ಗಜದ ಸೀರೆಯುಟ್ಟು, ಛತ್ರಿ ಹಿಡಿದು, ಹೊಗೆಯಾಡುವ ಹಂಡೆಯ ಪಕ್ಕದಲ್ಲಿ ಅಕ್ಕ ಕೂತಿದ್ದಳು. "ಹಿತ ಅನಸ್ತದರೀ" ಎಂದಳು. ಭಾವನ ಮುಖ ನೋಡಬೇಕಿತ್ತು! ಕೈಗಡಿಯಾರ ನೋಡಿ, ಇನ್ನು ಅರ್ಧ ಗಂಟೆ ಎಂದು ಘೋಷಿಸಿದರು.

ಆಗ ದಂಡೆಯ ಮೇಲಿನ ಭಜಿಯಾ ಅಂಗಡಿಯವರು ಕೈ ಬೀಸಿ ಕೂಗತೊಡಗಿದರು. "ಭರತಿ ಆವೆ ಛೆ! ಭರತಿ!" ಎಂದರೆ ಉಬ್ಬರ ಬರುತ್ತಿದೆ. ಭಾವ ಮತ್ತೆ ಗಡಿಯಾರ ನೋಡಿ, "ಇನ್ನೂ ಟೈಮ್ ಅದ" ಎಂದರು. ಯಾರ ಟೈಮು? ಇಡೀ ಪಶ್ಚಿಮ ಭಾರತದ ಗಾಡಿಗಳ ವೇಳೆ ಬಾಯಲ್ಲಿದ್ದ ಮನುಷ್ಯ, ಸಮುದ್ರಕ್ಕೂ ಹೋಗಿ ಬರುವ ವೇಳೆಯಿದೆ ಎಂಬುದನ್ನೇ ವಿಚಾರಿಸಿರಲಿಲ್ಲ! ಆ ಬೆಳ್ಳಿ ಗೆರೆ ನೋಡನೋಡುತ್ತಿದ್ದಂತೆ ಹತ್ತಿರ ಬಂತು. ಇದ್ದಿಲು ಚುಂಯ್ ಎಂದು ಆರಿತು, ಹಂಡೆ ಮಗುಚಿತು, ಕುರ್ಚಿಯ ಕಾಲುಗಳು ಮರಳಿನಲ್ಲಿ ಇಳಿದವು. ಅಕ್ಕನ ಕಾಲಿನ ಮೇಲಿನ ಮರಳು ನೀರು ಕುಡಿದು ಗಟ್ಟಿಯಾಯಿತು. ಭಾವ ಎರಡೂ ಕೈಯಿಂದ ಬಗೆದರು, ನಾನೂ ಬಗೆದೆ. ಕಾಲು ಬಿಡಿಸಿದಾಗ ನೀರು ಸೊಂಟ ಮುಟ್ಟಿತ್ತು. ಇಬ್ಬರೂ ಸೇರಿ ಅವಳನ್ನು ಎತ್ತಿಕೊಂಡು ಓಡಿದೆವು.

ದಂಡೆಯಲ್ಲಿ ಒಂದು ಸರ್ವೆ ಮರಕ್ಕೆ ಅಕ್ಕನನ್ನು ಒರಗಿಸಿ ನಿಲ್ಲಿಸಿದೆವು. ಭಾವ ಅಲ್ಲೇ ಒದ್ದೆ ಮರಳಿನಲ್ಲಿ ದೊಪ್ಪನೆ ಕೂತರು. ಕನ್ನಡಕ ಎಲ್ಲೋ ಹೋಗಿತ್ತು. ನಾನು ನಗೆಚಾಟಿಕೆಗೆ ಬಾಯಿ ತೆರೆದವನು ಅವರ ಮುಖ ನೋಡಿ ಬಗ್ಗಿ ಅವರ ಬೆನ್ನಿನ ಮರಳು ಕೊಡವತೊಡಗಿದೆ. "ನಾನಽ ಕೊಂದುಬಿಡ್ತಿದ್ದೆ ಇಕಿನ್ನ" ಎಂದರು. ಮತ್ತೆ, "ಎಲ್ಲಾ ರದ್ದು. ನನ್ನ ಕಡಿಂದ ಏನೂ ಆಗಂಗಿಲ್ಲ" ಎಂದರು. ಅವರ ಬಾಯಲ್ಲಿ ಆ ಮಾತು ನಾನು ಹಿಂದೆಂದೂ ಕೇಳಿರಲಿಲ್ಲ. ನನಗೆ ಭಯವಾಯಿತು.

ಅಕ್ಕ ನನ್ನ ಭುಜ ಹಿಡಿದಳು. ಬೇಡವೆಂದು ನಾನು ಹೇಳುವಷ್ಟರಲ್ಲಿ ಮರಕ್ಕೆ ಬೆನ್ನು ಕೊಟ್ಟು, ಕಾಲು ಮುಂದೆ ಚಾಚಿ, ಸ್ವಲ್ಪ ಸ್ವಲ್ಪವೇ ಜಾರಿ ಕೆಳಗಿಳಿದಳು. ಮೊಣಕಾಲು ಮಡಚಿದಾಗ ಅವಳ ಬೆರಳುಗಳು ನನ್ನ ಭುಜದಲ್ಲಿ ಊರಿದವು. ಎರಡು ವರ್ಷಗಳಿಂದ ನೆಲ ಮುಟ್ಟದವಳು ಆ ಮರಳಿನ ಮೇಲೆ ಗಂಡನ ಪಕ್ಕದಲ್ಲಿ ಕೂತಳು.

"ರದ್ದಂತ, ರದ್ದು! ಹೊಸಾ ತಾರೀಖ ಯಾವಾಗ ಹಾಕ್ತೀರಿ?" ಎಂದು ಕೇಳಿದಳು.

ಭಾವ ಅಕ್ಕನ ಮೊಣಕಾಲಿಗೆ ಅಂಟಿದ ಕಪ್ಪು ಮರಳನ್ನು ಸೀರೆಯ ಮೇಲಿಂದ ಮೆಲ್ಲಗೆ ಒರೆಸುತ್ತ ಕೂತರು. ಆಮೇಲೆ ತಲೆಯೆತ್ತದೆ, "ಭಾಳ ನೋಯ್ತದೇನ?" ಎಂದರು.

ಅಕ್ಕ ಏನಿಲ್ಲ ಬಿಡ್ರಿ ಎನ್ನುತ್ತಾಳೆಂದು ನಾನು ಕಾದೆ. ಅವಳ ತುಟಿ ಅದುರಿತು.

"ಹೂಂ ರೀ. ಭಾಳ ನೋಯ್ತದ," ಎಂದು ಅವರ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ನನ್ನ ಕಣ್ಣೂ ತುಂಬಿತು. ತೇಲಿ ಹೋಗುತ್ತಿದ್ದ ಹಂಡೆಯನ್ನು ಹಿಡಿದು ತರುತ್ತೇನೆಂದು ಹೇಳಿ ನಾನು ಅಲ್ಲಿಂದ ಎದ್ದು ಹೋದೆ.