ಕೆಂಪು ಬಟನ್ ಮುಂದೆ ನಿಂತ ಮಾವ

ಮಾವ: ಆಗಲ್ಲ ಅಂದ್ರೆ ಆಗಲ್ಲ. ಕೆಂಪು ಇದೆ. ನಾನು ಮುಂದೆ ಹೋಗಲ್ಲ.

ಸೊಸೆ: ಮಾವ, ಆ ಬಟನ್ ಮೇಲೆ ಏನು ಬರೆದಿದೆ ಓದಿ.

ಮಾವ: ‘ಮುಂದೆ’ ಅಂತ ಬರೆದಿದೆ. ಬಣ್ಣ ನೋಡಿದ್ರೆ ‘ನಿಲ್ಲು’ ಅಂತಿದೆ. ಯಾರ ಮಾತು ಕೇಳ್ಲಿ?

ಅತ್ತೆ: ಅಯ್ಯೋ, ಸುಮ್ನೆ ಒತ್ರೀ ಅದನ್ನ...

ಸೊಸೆ: ಅತ್ತೆ! ನೀವು ಮಾತಾಡೋ ಹಾಗಿಲ್ಲ. ನಾನೂ ಹೇಳಿಕೊಡೋ ಹಾಗಿಲ್ಲ. ಅದೇ ನಿಯಮ.

ಅತ್ತೆ: ಅವರು ಒಲೆ ಮುಂದೆ ನಿಂತಿರುವಾಗ ನಾನು ಬಾಯಿ ಮುಚ್ಕೊಂಡಿರಬೇಕಾ? ಪರೀಕ್ಷೆ ಅವರಿಗೋ ನನಗೋ?

ಮಾವ ಜೀವಮಾನವಿಡೀ ರೈಲು ಓಡಿಸಿ ನಿವೃತ್ತರಾದವರು. ಕೆಂಪು ಕಂಡರೆ ಅವರ ಕೈಕಾಲು ತಾವಾಗಿಯೇ ನಿಂತುಬಿಡುತ್ತವೆ. ಸೊಸೆಯ ಆಫೀಸಿನವರು ಅಡುಗೆ ಕಲಿಸುವ ಆ್ಯಪ್ ಒಂದನ್ನು ಮಾಡಿದ್ದರು. ಅದನ್ನು ಜನರ ಕೈಗೆ ಕೊಡುವ ಮೊದಲು ಅಡುಗೆಯ ಗಂಧಗಾಳಿ ಇಲ್ಲದವರಿಂದ ಬಳಸಿ ನೋಡಿಸಬೇಕಿತ್ತು. ಅಂಥವರಿಗಾಗಿ ಸೊಸೆ ಊರೆಲ್ಲ ಹುಡುಕಲಿಲ್ಲ, ಮನೆಯಲ್ಲೇ ಅಪ್ಪಟ ಮಾದರಿ ಇತ್ತು.

ಮಾವ ಒಪ್ಪಿದ್ದಕ್ಕೆ ಬೇರೆಯೇ ಕಾರಣ. ಅತ್ತೆ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಿದ್ದರು. ಮಾವ ಇವತ್ತು ಈ ಆ್ಯಪ್ ನೋಡಿಕೊಂಡು ತರಕಾರಿ ಸೂಪ್ ಮಾಡಿದರೆ, ಪ್ಲಾಸ್ಟರ್ ಬಿಚ್ಚುವ ತನಕ ಅಡುಗೆಮನೆ ಅವರದು. ಇಲ್ಲದಿದ್ದರೆ ಅತ್ತೆಯ ತಂಗಿ ಬಂದು ಠಿಕಾಣಿ ಹೂಡುತ್ತಾರೆ. ಆಕೆ ಬಂದರೆಂದರೆ ಮೊದಲು ಹೋಗುವುದು ಮಾವನ ಕುರ್ಚಿ, ಆಮೇಲೆ ಟಿವಿ ರಿಮೋಟು, ಕೊನೆಗೆ ಮಾವನ ನೆಮ್ಮದಿ.

ಸೊಸೆ: ಅತ್ತೆ, ಹೊತ್ತು ಹೋಗಲಿಕ್ಕೆ ಈ ಬುಟ್ಟೀಲಿರೋ ಒರೆಸೋ ಬಟ್ಟೆ ಮಡಚ್ತಾ ಇರಿ. ಒಗೆದು ಒಣಗಿವೆ.

ಅತ್ತೆ: ಒಂದೇ ಕೈಲಿ? ಕೊಡು, ಕೊಡು. ಬಾಯಂತೂ ಕಟ್ಟಿದ್ದಾಯ್ತು, ಉಳಿದಿರೋ ಕೈನಾದ್ರೂ ಆಡಿಸ್ತೀನಿ.

ಸೊಸೆ: ಮಾವ, ಇನ್ನೊಂದು ವಿಷಯ. ಮನಸ್ಸಿಗೆ ಬಂದದ್ದನ್ನೆಲ್ಲ ಜೋರಾಗಿ ಹೇಳ್ತಾ ಹೋಗಿ. ನಿಮಗೆ ಎಲ್ಲಿ ಕಷ್ಟ ಆಗುತ್ತೆ ಅಂತ ನನಗೆ ಗೊತ್ತಾಗಬೇಕು.

ಮಾವ: ಮನಸ್ಸಿಗೆ ಬಂದದ್ದನ್ನೆಲ್ಲ ಈ ಮನೇಲಿ ಜೋರಾಗಿ ಹೇಳಿದ್ದಿದ್ರೆ ನಾನು ಇಷ್ಟು ದಿನ ಬದುಕಿರ್ತಿದ್ನೇನಮ್ಮಾ?

ಅತ್ತೆ ಬುಟ್ಟಿಯಿಂದ ಹಸಿರು ಬಟ್ಟೆಯೊಂದನ್ನು ತೆಗೆದು ಪಟಪಟನೆ ಕೊಡವಿದರು. ಮಾವ ಅತ್ತ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, ಬಟನ್ ಒತ್ತಿಯೇ ಬಿಟ್ಟರು. ಸೊಸೆಗೆ ಖುಷಿಯೋ ಖುಷಿ. ‘ಸ್ವಲ್ಪ ಹೊತ್ತು ಅನುಮಾನಿಸಿ, ತಾವೇ ದಾರಿ ಕಂಡುಕೊಂಡರು’ ಎಂದು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದಳು.

ಮಾವ: ‘ಐದು ಜನರಿಗೆ’ ಅಂತಿದೆ. ಮಗನೂ ಸೇರಿ ನಾವಿರೋದು ನಾಲ್ಕೇ ಜನ. ಐದನೆಯವರು ಯಾರು? ಏನೇ, ನಿನ್ನ ತಂಗಿ ಬರೋ ಸುದ್ದಿ ಇದಕ್ಕೂ ಮುಟ್ಟಿದೆಯಾ?

ಅತ್ತೆ: ನೋಡಮ್ಮಾ, ನನ್ನ ತವರಿನ ವಿಷಯ ತೆಗೀತಿದ್ದಾರೆ. ಇದಕ್ಕಾದ್ರೂ ಉತ್ತರ ಕೊಡಬಹುದಾ?

ಸೊಸೆ: ಬೇಡ ಅತ್ತೆ. ಪರೀಕ್ಷೆ ಮುಗೀಲಿ.

ಅತ್ತೆ: ಕೂಡಿಸಿಟ್ಕೊಂಡಿರ್ತೀನಿ.

ಮಾವ: ‘ಕ್ಯಾರೆಟ್ ಸಣ್ಣಗೆ ಹೆಚ್ಚಿ.’ ಎಷ್ಟು ಸಣ್ಣಗೆ? ಇಷ್ಟಾ? ಇದಾ? ಅಲ್ಲ, ಈ ವಿಡಿಯೋದಲ್ಲಿರೋ ಕೈ ಎಷ್ಟು ಚೆನ್ನಾಗಿ ಹೆಚ್ತಾ ಇದೆ, ಅದನ್ನೇ ಈ ಕಡೆ ಕಳಿಸಬಾರದಿತ್ತಾ? ಅರೆ! ಫೋನು ಕತ್ತಲಾಯ್ತು!

ಸೊಸೆ: ಈಗ ಏನು ಮಾಡಬೇಕು ಅನ್ನಿಸ್ತಿದೆ ಮಾವ?

ಮಾವ: ಕುರ್ಚೀಲಿ ಹೋಗಿ ಕೂತ್ಕೋಬೇಕು ಅನ್ನಿಸ್ತಿದೆ.

ಕೈತುಂಬ ತರಕಾರಿ ಸಿಪ್ಪೆ ಅಂಟಿತ್ತು. ಮಾವ ಮೊಣಕೈಯಿಂದ ಫೋನನ್ನು ತಿವಿದರು. ಏಳಲಿಲ್ಲ. ಮತ್ತೆ ತಿವಿದರು. ಎದ್ದಿತು, ಆದರೆ ಎದ್ದ ರಭಸಕ್ಕೆ ಸೂಪಿನ ಪುಟ ಹಾರಿಹೋಗಿ ಕೇಕಿನ ಪುಟ ತೆರೆಯಿತು. ಸೊಸೆಗೆ ಅದು ಕಂಡಿತು. ಹೇಳುವ ಹಾಗಿಲ್ಲ, ಬಿಡುವ ಹಾಗಿಲ್ಲ. ತುಟಿ ಕಚ್ಚಿಕೊಂಡು ಕುಳಿತಳು.

ಮಾವ: ‘ಸಕ್ಕರೆ ಒಂದೂವರೆ ಲೋಟ.’ ಸೂಪಿಗೆ ಸಕ್ಕರೆನಾ? ಇರಬಹುದು. ಈಗಿನ ಕಾಲದ ಅಡುಗೆ.

ಅವರು ಸಕ್ಕರೆ ಡಬ್ಬಿಗೆ ಕೈ ಹಾಕಿದರು. ಅತ್ತೆ ಕೆಂಪು ಬಟ್ಟೆಯೊಂದನ್ನು ಎತ್ತಿ ಹಿಡಿದು, ಕಲೆ ಹೋಗಿದೆಯೋ ಇಲ್ಲವೋ ಎಂಬಂತೆ ಬೆಳಕಿಗೆ ನೋಡತೊಡಗಿದರು. ಮಾವ ಡಬ್ಬಿಯನ್ನು ತೆಪ್ಪಗೆ ಇದ್ದಲ್ಲೇ ಇಟ್ಟರು. ಉಪ್ಪಿನ ಡಬ್ಬಿ ಮುಟ್ಟಿದರು, ಹಸಿರು ಬಟ್ಟೆ ಕೊಡವಿದ ಸದ್ದು ಬಂತು. ಒಂದು ಚಮಚ ಬಿತ್ತು. ಎರಡನೆಯದಕ್ಕೆ ಕೈ ಎತ್ತುವಷ್ಟರಲ್ಲಿ ಅತ್ತೆಗೆ ಮತ್ತೆ ಕೆಂಪು ಬಟ್ಟೆಯ ಕಲೆಯ ಮೇಲೆ ಅನುಮಾನ ಬಂತು. ಮಾವ ಚಮಚ ಕೆಳಗಿಟ್ಟರು. ಫೋನನ್ನು ನೋಡುತ್ತಾ ಕುಳಿತ ಸೊಸೆಗೆ ಇದ್ಯಾವುದೂ ಕಾಣಲಿಲ್ಲ.

ಸೂಪ್ ಕುದಿಯಿತು. ಮನೆತುಂಬ ಘಮ್ಮೆಂದಿತು. ಸೊಸೆ ಹೆದರುತ್ತಲೇ ಒಂದು ಚಮಚ ಬಾಯಿಗಿಟ್ಟಳು.

ಸೊಸೆ: ಮಾವ! ತುಂಬಾ ಚೆನ್ನಾಗಿದೆ!

ಮಾವ: ಚೆನ್ನಾಗಿರದೆ ಏನು? ಹೇಳಿದ ಹಾಗೆ ಮಾಡಿದೆ. ನಿಮ್ಮ ಆ್ಯಪ್ ಬಹಳ ಒಳ್ಳೇದಮ್ಮಾ. ಹೋಗು, ಆಫೀಸಿನವರಿಗೆ ಹೇಳು.

ಸೊಸೆ: ಅದೇ ನನಗೆ ಅರ್ಥವಾಗ್ತಿಲ್ಲ. ಫೋನಿನಲ್ಲಿ ಆಗಿನಿಂದ ಕೇಕ್ ಇದೆ. ನೀವು ಹೇಗೆ ಸೂಪ್ ಮಾಡಿದ್ರಿ?

ಮಾವ ಫೋನ್ ನೋಡಿದರು. ಅತ್ತೆಯನ್ನು ನೋಡಿದರು. ಆಮೇಲೆ ಛಾವಣಿ ನೋಡಿದರು.

ಸೊಸೆ: ಅತ್ತೆ, ಆ ಬಟ್ಟೆ ಇನ್ನೂ ಮಡಚಿ ಆಗಿಲ್ವಾ? ಎರಡೇ ಎರಡು ಬಟ್ಟೆ ಹಿಡ್ಕೊಂಡಿದ್ದೀರಿ. ಒಂದು ಕೆಂಪು, ಒಂದು... ಅಯ್ಯೋ ದೇವರೇ!

ಅತ್ತೆ: ನಾನು ಒಂದು ಮಾತೂ ಆಡಿಲ್ಲಮ್ಮಾ. ನಿಯಮ ನಿಯಮವೇ.

ಮಾವ: ಅವಳ ತಪ್ಪಿಲ್ಲ. ಹಸಿರು ಕಂಡ್ರೆ ಹೋಗೋದು, ಕೆಂಪು ಕಂಡ್ರೆ ನಿಲ್ಲೋದು. ಅಭ್ಯಾಸ ಬಲ.

ಸೊಸೆ: ಹಾಗಾದ್ರೆ ಇದು ಲೆಕ್ಕಕ್ಕಿಲ್ಲ. ನಾಳೆ ಮತ್ತೆ ಮೊದಲಿಂದ. ಅತ್ತೆ ಒಳಕೋಣೇಲಿ ಇರ್ತಾರೆ, ಬಾಗಿಲು ಹಾಕ್ಕೊಂಡು. ಇಲ್ಲಿ ನೀವು, ಫೋನು, ಅಷ್ಟೇ.

ಮಾವ ಸೌಟನ್ನು ಪಾತ್ರೆಯೊಳಗೇ ಬಿಟ್ಟರು.

ಮಾವ: ಏನೇ, ನಿನ್ನ ತಂಗಿಗೆ ಫೋನ್ ಮಾಡು. ಬರಲಿ.

ಅತ್ತೆ: ಏನಂದ್ರಿ?

ಮಾವ: ಬರಲಿ. ಕುರ್ಚಿ ತಗೊಳ್ಳಲಿ, ರಿಮೋಟೂ ಇಟ್ಕೊಳ್ಳಲಿ. ನಿನ್ನನ್ನ ಬಾಗಿಲಾಚೆ ಕೂರಿಸಿ ಇಲ್ಲಿ ಒಬ್ಬನೇ ನಿಲ್ಲೋದು ನನ್ನ ಕೈಲಾಗಲ್ಲ. ಈ ಅಡುಗೆಮನೇಲಿ ನೀನಿಲ್ಲದೆ ಎಂದಾದ್ರೂ ಒಲೆ ಉರಿದಿದೆಯಾ?

ಅತ್ತೆ ಕೂಡಿಸಿಟ್ಟುಕೊಂಡಿದ್ದ ಜಗಳವೆಲ್ಲ ಎಲ್ಲಿ ಹೋಯಿತೋ.

ಅತ್ತೆ: ಬೇಡ ಬಿಡಿ, ಅವಳು ಯಾಕೆ. ನಾನು ಹೀಗೇ ಕೂತಿರ್ತೀನಿ, ನೀವು ಹೀಗೇ ಮಾಡಿ. ಪ್ಲಾಸ್ಟರ್ ಬಿಚ್ಚೋವರೆಗೂ ಸಾಗುತ್ತೆ.

ಸೊಸೆ: ಮತ್ತೆ ನನ್ನ ಪರೀಕ್ಷೆ?

ಅತ್ತೆ: ಅದಕ್ಕೆ ಮದುವೆಯಾಗದೋರನ್ನ ಯಾರನ್ನಾದ್ರೂ ಹುಡುಕಮ್ಮಾ. ಮತ್ತೆ ಆ ಬಟನ್ ಬಣ್ಣ ಮೊದಲು ಬದಲಾಯಿಸು.

ಸೊಸೆ ನಗುತ್ತಾ ಲ್ಯಾಪ್‌ಟಾಪ್ ಮುಚ್ಚಿದಳು. ಮಾವ ಬಟ್ಟಲುಗಳನ್ನು ಸಾಲಾಗಿ ಇಟ್ಟು ಸೌಟು ತುಂಬಿ ಎತ್ತಿದರು. ಎತ್ತಿದ ಕೈ ಹಾಗೇ ನಿಂತುಹೋಯಿತು. ಅತ್ತೆಯ ಕೈಯಲ್ಲಿ ಕೆಂಪು ಬಟ್ಟೆ ಮೇಲೆದ್ದಿತ್ತು.

ಮಾವ: ಈಗೇನಾಯ್ತೇ? ಬಡಿಸೋಕೂ ಕೆಂಪಾ?

ಅತ್ತೆ: ಕಣ್ಣು ಒರೆಸ್ಕೊಳ್ತಿದ್ದೀನಿ ರೀ. ನೀವು ಬಡಿಸಿ.